ಸುಳ್ಳು ಚುಕ್ಕೆಯ ಚಿರತೆ

ಜಾಲರಿ ಬಾಗಿಲಿನ ಆಚೆ ಅದು ಉಸಿರಾಡುತ್ತಿತ್ತು.

ಕಣ್ಣಿಗೆ ಕಾಣುತ್ತಿರಲಿಲ್ಲ. ಒಳಗೆ ಗವ್ವೆನ್ನುವ ಕತ್ತಲು. ಉಸಿರು ಮಾತ್ರ ಕೇಳಿಸುತ್ತಿತ್ತು... ಜೊತೆಗೆ ಆ ಗಬ್ಬು ವಾಸನೆ!

ಒಂದು ದೊಡ್ಡ ಮನೆಯ ನೆಲಮಾಳಿಗೆ. ನಾನು ಕುರ್ಚಿಯಲ್ಲಿದ್ದೆ. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು. ಜಾಲರಿಯ ಚಿಲಕದ ಮೇಲೆ ಒಂದು ದಪ್ಪ ಕೈ ಇತ್ತು. ಆ ಕೈಯವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಮುಖದ ತುಂಬ ಮೀಸೆ. ಮೀಸೆ ಅಂತಲೇ ಅನ್ನೋಣ.

"ಬೇಗ ಬೇಗ ಬರೀರಿ ಸಾರ್," ಅಂದ ಮೀಸೆ. "ನಿನ್ನೆಯಿಂದ ಇದರ ಹೊಟ್ಟೆಗೆ ಏನೂ ಹಾಕಿಲ್ಲ."

ಅವನು ಹೇಳಿದ್ದು ನನ್ನ ಭಾವನಿಗೆ. ನನ್ನ ಅಕ್ಕನ ಗಂಡ. ಆಳೆತ್ತರದ ಕ್ಯಾನ್ವಾಸಿನ ಮುಂದೆ ಬ್ರಷ್ ಹಿಡಿದು ನಿಂತಿದ್ದರು. ಕ್ಯಾನ್ವಾಸಿನಲ್ಲಿ ಒಂದು ಹಸಿರು ಸೋಫಾ. ಸೋಫಾದ ಮೇಲೆ ಚಿರತೆ.

ಜಾಲರಿಯ ಆಚೆ ಇದ್ದದ್ದೂ ಅದೇ ಚಿರತೆ!

"ಕೈ ನಡುಗ್ತಾ ಇದೆ..." ಅಂದರು ಭಾವ.

"ನಡುಗ್ಲಿ. ಬರೀರಿ."

"ಚುಕ್ಕೆ ಸೊಟ್ಟ ಆಗತ್ತೆ..."

"ಆಗ್ಲಿ! ಸೊಟ್ಟ ಆಗ್ಬೇಕು ಅಂತಾನೇ ನಿಮ್ಮನ್ನ ಎತ್ತಾಕ್ಕೊಂಡು ಬಂದಿರೋದು!"

ನನ್ನನ್ನು ಗಟ್ಟಿ ಹೆಂಗಸು ಅಂತ ನೀವು ಕೇಳಿರುತ್ತೀರಿ. ಓಡಿಹೋದ ಗಂಡಂದಿರನ್ನು ಹುಡುಕುವುದು, ಕಳುವಾದ ಕಾರನ್ನು ವಾಪಸ್ ತರುವುದು, ಬೆದರಿಸುವವರನ್ನು ತಿರುಗಿ ಬೆದರಿಸುವುದು... ಅದೇ ನನ್ನ ಕಸುಬು. ಚಾಕು ನೋಡಿದ್ದೇನೆ. ಪಿಸ್ತೂಲೂ ನೋಡಿದ್ದೇನೆ. ಚಾಕು ಹಿಡಿದವನ ಹತ್ತಿರ ಹೇಗಾದರೂ ಮಾತಾಡಬಹುದು. ಚಿರತೆಯ ಹತ್ತಿರ ಏನು ಮಾತಾಡುವುದು? ನನಗೆ ಹೆದರಿಕೆಯಾಗಿತ್ತು. ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ.

ಇಷ್ಟೆಲ್ಲ ಒಂದು ಚಿತ್ರಕ್ಕಾ ಅಂತ ಕೇಳುತ್ತೀರಿ. ಹೌದು, ಒಂದು ಚಿತ್ರಕ್ಕೇ.

ಭಾವ ಪ್ರಾಣಿಗಳ ಚಿತ್ರ ಬರೆಯುವವರು. ನಾಯಿ, ಕುದುರೆ, ಗೂಬೆ... ಎಲ್ಲ ಅಕ್ರಿಲಿಕ್ ಬಣ್ಣದಲ್ಲಿ. ಜನ ಫೋಟೋ ಕೊಡುತ್ತಾರೆ, ಇವರು ಅದನ್ನು ನೋಡಿ ಒಂದೊಂದು ಕೂದಲನ್ನೂ ಬರೆಯುತ್ತಾರೆ. ಒಂದು ರೋಮ ಆಚೀಚೆ ಆಗುವಂತಿಲ್ಲ. ಆದರೆ ಜೀವ ಇರುವ ಪ್ರಾಣಿ ಅಂದರೆ ಜ್ವರ! ಪಕ್ಕದ ಮನೆಯ ಬೆಕ್ಕು ಮೆಟ್ಟಿಲ ಮೇಲೆ ಕೂತಿದ್ದರೆ, ಕೆಳಗೇ ನಿಂತು ಅಕ್ಕನಿಗೆ ಫೋನ್ ಮಾಡುವ ಆಸಾಮಿ.

ಈ ಮನೆಯ ಸಾಹುಕಾರ ಅವರಿಗೆ ಒಂದು ಫೋಟೋ ಕೊಟ್ಟಿದ್ದ. ಸೋಫಾದ ಮೇಲೆ ಚಿರತೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಅಂದ. ಭಾವ ನಂಬಿದರು. ಬರೆದರು. ಸಾಹುಕಾರನಿಗೆ ಎಷ್ಟು ಹೆಮ್ಮೆ ಬಂತೆಂದರೆ, ಚಿತ್ರವನ್ನು ಒಂದು ಗ್ಯಾಲರಿಯಲ್ಲಿ ಪ್ರದರ್ಶನಕ್ಕೂ ಇಟ್ಟ. ಯಾರೂ ಅದರ ಫೋಟೋ ತೆಗೆಯಬಾರದು ಅಂತ ಷರತ್ತು ಬೇರೆ!

ಅಲ್ಲೇ ಎಡವಟ್ಟಾಯಿತು. ಕಾಡಿನಲ್ಲಿ ಚಿರತೆ ಎಣಿಸುವ ಕೆಲಸದವನೊಬ್ಬ ಪ್ರದರ್ಶನಕ್ಕೆ ಬಂದ. ಚಿತ್ರದ ಮುಂದೆ ನಿಂತವನು ಕದಲಲೇ ಇಲ್ಲವಂತೆ. ಚಿರತೆಯ ಚುಕ್ಕೆ ಅಂದರೆ ನಮ್ಮ ಹೆಬ್ಬೆರಳ ಗುರುತು ಇದ್ದ ಹಾಗೆ. ಒಂದರದ್ದು ಇನ್ನೊಂದಕ್ಕಿಲ್ಲ. ಹುಟ್ಟಿದಾಗ ಹೇಗೋ ಸಾಯುವಾಗಲೂ ಹಾಗೇ. ಅವನಿಗೆ ಗುರುತು ಸಿಕ್ಕಿಬಿಟ್ಟಿತು. ಈ ಚಿರತೆ ಮರಿಯಾಗಿದ್ದಾಗ ಅಭಯಾರಣ್ಯದಿಂದ ಕಳುವಾಗಿತ್ತು. ಅದನ್ನು ಕದ್ದವರು ಅಡ್ಡ ಬಂದ ಕಾವಲುಗಾರನನ್ನು ಗುಂಡಿಟ್ಟು ಕೊಂದಿದ್ದರು!

ಅವನು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದ. ಆಫೀಸರ್ ಮೇಡಂ ಸಾಹುಕಾರನಿಗೆ ಹೇಳಿ ಕಳಿಸಿದರು... ಬರುತ್ತೇನೆ, ಚಿತ್ರ ನೋಡಬೇಕು. ಮರಿಯ ಹಳೇ ಫೋಟೋಗಳು ಅವರ ಹತ್ತಿರ ಇದ್ದವು. ಚುಕ್ಕೆ ಹೊಂದಿದರೆ ಮನೆ ಪೂರ್ತಿ ಜಾಲಾಡುತ್ತಾರೆ. ಹೊಂದದಿದ್ದರೆ ಕೈ ಮುಗಿದು ಹೋಗುತ್ತಾರೆ.

ಚಿತ್ರವನ್ನು ಸುಟ್ಟರೆ ಅನುಮಾನ. ಚುಕ್ಕೆ ಬದಲಾಯಿಸಿದರೆ ನಿಶ್ಚಿಂತೆ. ಅದಕ್ಕೇ ಭಾವನನ್ನು ಮನೆ ಕೆಳಗಿನ ಅವರ ಸ್ಟುಡಿಯೋ ಬಾಗಿಲಲ್ಲೇ ವ್ಯಾನಿಗೆ ತುಂಬಿದ್ದರು.

ಅಕ್ಕ ಮಹಡಿಯಿಂದ ನೋಡಿ ನನಗೆ ಫೋನ್ ಮಾಡಿದಳು.

"ನಿಮ್ಮ ಭಾವನ್ನ ಎತ್ಕೊಂಡು ಹೋದ್ರು ಕಣೇ! ಬಿಳೀ ವ್ಯಾನು! ಒಂದು ಕಾಲಲ್ಲಿ ಚಪ್ಪಲೀನೂ ಇಲ್ಲ!"

"ಅಳಬೇಡ. ಯಾವ ಕಡೆ ಹೋಯ್ತು?"

"ಮಾರ್ಕೆಟ್ ಕಡೆ! ಅವರನ್ನ ಕರ್ಕೊಂಡ್ ಬಾರೇ... ಅವರಿಗೆ ಏನಾದ್ರೂ ಆದ್ರೆ ನಾನು ಉಳಿಯಲ್ಲ!"

ಸ್ಕೂಟರಿಗೆ ಕಿಕ್ ಹೊಡೆದೆ. ಮಾರ್ಕೆಟ್ಟಿನ ತಿರುವಿನಲ್ಲಿ ವ್ಯಾನು ಕಾಣಿಸಿತು. ಒನ್ ವೇಯಲ್ಲಿ ಉಲ್ಟಾ ನುಗ್ಗಿದೆ. ತರಕಾರಿ ಗಾಡಿಯವನು ನನ್ನ ಇಡೀ ವಂಶಕ್ಕೆ ಶಾಪ ಹಾಕಿದ. ಲಾರಿಯೊಂದು ನನ್ನ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಬಿಡಲಿಲ್ಲ! ವ್ಯಾನು ದೊಡ್ಡ ಗೇಟಿನೊಳಗೆ ಹೋಯಿತು. ನಾನು ಹಿಂದಿನಿಂದ ಕಾಂಪೌಂಡ್ ಹತ್ತಿ ಹಾರಿದೆ.

ಹಾರಿ ಬಿದ್ದದ್ದು ಮೀಸೆಯ ಕಾಲ ಬುಡದಲ್ಲಿ.

"ಬನ್ನಿ ಮೇಡಂ," ಅಂದ. "ಗೇಟಲ್ಲೇ ಬರಬಹುದಿತ್ತಲ್ಲ!"

ಹೀಗೆ ನಾನು ಆ ನೆಲಮಾಳಿಗೆಯ ಕುರ್ಚಿಗೆ ಬಂದದ್ದು.

ಭಾವ ಬರೆಯುತ್ತಲೇ ಇದ್ದರು. ಇದ್ದ ಚುಕ್ಕೆಯ ಮೇಲೆ ಹಳದಿ, ಇಲ್ಲದ ಕಡೆ ಕಪ್ಪು. ಬರೆದ ಮೇಲೆ ಹೇರ್ ಡ್ರೈಯರ್. ಅಕ್ರಿಲಿಕ್ ಬೇಗ ಒಣಗುತ್ತದೆ. ಆಯಿಲ್ ಬಣ್ಣ ಆಗಿದ್ದರೆ ವಾರಗಟ್ಟಲೆ ಹಿಡಿಯುತ್ತಿತ್ತು, ಆಗ ನಮಗೂ ಸ್ವಲ್ಪ ದಿನ ಸಿಗುತ್ತಿತ್ತು. ಡ್ರೈಯರಿನ ಸದ್ದಿಗೆ ಒಳಗಿನದು ಗುರ್ ಅಂದಿತು. ಭಾವನ ಬ್ರಷ್ ಕೆಳಗೆ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು!

ಸಾಹುಕಾರ ಕೆಳಗಿಳಿದು ಬಂದ. ಮೆತ್ತನೆಯ ಚಪ್ಪಲಿ, ಮೆತ್ತನೆಯ ದನಿ. ಚಿತ್ರ ನೋಡಿದ. ಆಮೇಲೆ ಭಾವನ ನಡುಗುವ ಗಲ್ಲ ನೋಡಿದ.

"ಇವರನ್ನ ಆ ಮೇಡಂ ಮುಂದೆ ನಿಲ್ಲಿಸಿದ್ರೆ ಕೆಲಸ ಕೆಟ್ಟ ಹಾಗೇ. ನೀನು ಬಾ. ಇವರು ಊರಲ್ಲಿಲ್ಲ, ನೀನು ನಾದಿನಿ, ಇವರ ಪರವಾಗಿ ಬಂದಿದೀಯ. ತಿಳೀತಾ?"

"ತಿಳಿಯದಿದ್ರೆ?"

ಅವನು ತನ್ನ ಫೋನ್ ತೋರಿಸಿದ. "ನಾನು ರಿಂಗ್ ಕೊಟ್ರೆ ಸಾಕು, ಇವನು ಚಿಲಕ ತೆಗೀತಾನೆ. ನಿನ್ನ ಭಾವ ಇಲ್ಲೇ ಇರ್ತಾರೆ."

"ತಿಳೀತು," ಅಂದೆ.

ಕೈ ಬಿಚ್ಚಿದರು. ಭಾವ ಬಂದು ನನ್ನ ಕೈ ಹಿಡಿದುಕೊಂಡರು. "ಇವಳ ಅಕ್ಕನಿಗೆ ಒಂದು ಮಾತು ಹೇಳಿ ಕಳಿಸ್ತೀನಿ, ಅಷ್ಟೇ," ಅಂತ ಸಾಹುಕಾರನನ್ನು ಬೇಡಿಕೊಂಡರು. ಕಣ್ಣಲ್ಲಿ ನೀರು. ನನ್ನ ಕಿವಿಯ ಹತ್ತಿರ ಬಗ್ಗಿದರು.

"ದೊಡ್ಡ ತಪ್ಪಾಯ್ತಮ್ಮ..."

"ಏನು ಭಾವ?"

"ವಾರ್ನಿಷ್... ಹಳೇ ಚಿತ್ರದ ಮೇಲೆ ವಾರ್ನಿಷ್ ಇತ್ತು. ಅದನ್ನ ತೆಗೆದು ಬರೀಬೇಕಿತ್ತು. ಹೆದರಿಕೇಲಿ ಮರೆತೇಬಿಟ್ಟೆ!"

"ಅದಕ್ಕೆ?"

"ವಾರ್ನಿಷ್ ಮೇಲೆ ಬಣ್ಣ ಕೂರಲ್ಲ. ಉಗುರು ತಾಗಿದ್ರೂ ಸಿಪ್ಪೆ ಎದ್ದ ಹಾಗೆ ಎದ್ದು ಬರತ್ತೆ. ಅಡಿಯಲ್ಲಿ ಹಳೇ ಚುಕ್ಕೆ ಹಾಗೇ ಇದೆ. ಕಲಿಯೋಕೆ ಬರೋ ಹುಡುಗ್ರಿಗೆ ಮೊದಲ್ನೇ ದಿನ ಹೇಳಿಕೊಡೋ ಪಾಠ ಇದು... ನಾನೇ ಮಾಡ್ಬಿಟ್ಟೆ. ಆಕೆ ಮುಟ್ಟಿದ್ರೆ ಇವನು ಬಾಗಿಲು ತೆಗೀತಾನೆ. ಯಾರೂ ಮುಟ್ಟದ ಹಾಗೆ ನೋಡ್ಕೋಮ್ಮ!"

ಮೇಲೆ ಕರೆದುಕೊಂಡು ಹೋದರು. ಚಿತ್ರವನ್ನು ಹಜಾರದ ಗೋಡೆಗೆ ತೂಗುಹಾಕಿದರು. ಹೊರಗೆ ಬಿಸಿಲು ಚೆನ್ನಾಗಿತ್ತು. ತೋಟದಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದರು.

ಆಫೀಸರ್ ಮೇಡಂ ಕುಳ್ಳಗಿದ್ದರು. ಖಾಕಿ ಬಟ್ಟೆ, ದಪ್ಪ ಗಾಜಿನ ಕನ್ನಡಕ. ಹೆಚ್ಚು ಮಾತಿಲ್ಲ. ಮರಿಯ ಫೋಟೋಗಳನ್ನು ಚಿತ್ರದ ಪಕ್ಕ ಹಿಡಿದರು. ಭುಜ ನೋಡಿದರು. ಪಕ್ಕೆ ನೋಡಿದರು. ನಾನು ಚಿತ್ರದ ಪಕ್ಕದಲ್ಲೇ, ಚಿರತೆಯ ಹಿಂಗಾಲಿನ ಹತ್ತಿರ ಗೋಡೆಗೊರಗಿ ನಿಂತಿದ್ದೆ.

"ಬರೆದೋರು?"

"ನನ್ನ ಭಾವ. ಊರಲ್ಲಿಲ್ಲ," ಅಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು.

"ಫೋಟೋ ನೋಡಿ ಬರೆದ್ರಾ?"

"ಇಂಟರ್ನೆಟ್ಟಲ್ಲಿ ಸಿಕ್ಕಿದ್ದು."

ಅವರು ಮತ್ತೆ ಫೋಟೋ ನೋಡಿದರು. ಕನ್ನಡಕ ತೆಗೆದರು.

"ಇಲ್ಲ. ಇದಲ್ಲ. ಒಂದು ಚುಕ್ಕೆನೂ ಹೊಂದ್ತಾ ಇಲ್ಲ."

"ಪರವಾಗಿಲ್ಲ ಮೇಡಂ. ನಿಮ್ಮ ಡ್ಯೂಟಿ ನೀವು ಮಾಡಿದ್ರಿ," ಅಂದ ಸಾಹುಕಾರ. ಅವನ ಹೆಬ್ಬೆರಳು ಫೋನಿನ ಮೇಲೇ ಇತ್ತು.

ಈಕೆ ಹೀಗೇ ಹೋದರೆ? ಭಾವನಿಗೂ ನನಗೂ ಎಲ್ಲ ಗೊತ್ತು. ಸಾಹುಕಾರ ನಮ್ಮನ್ನು ಮನೆಗೆ ಕಳಿಸುತ್ತಾನಾ? ಖಂಡಿತ ಇಲ್ಲ! ಬಾಯಿ ಬಿಟ್ಟು ಹೇಳಿದರೆ? ಆ ಕ್ಷಣವೇ ರಿಂಗ್... ಆ ಕ್ಷಣವೇ ಚಿಲಕ. ಅಕ್ಕನಿಗೆ ಏನಂತ ಹೇಳಲಿ?

ಕೈ ಬೆನ್ನ ಹಿಂದೆ ಹೋಯಿತು. ಉಗುರು ಕ್ಯಾನ್ವಾಸ್ ಹುಡುಕಿತು. ಕೆರೆದೆ.

ಎದ್ದಿತು!

ತೆಳ್ಳನೆಯ ಸಿಪ್ಪೆ. ಬೆರಳಿಗೆ ಅಂಟಿಕೊಂಡಿತು. ಸಾಹುಕಾರ ಒಂದು ಸಲ ಇತ್ತ ತಿರುಗಿದರೆ ನಮ್ಮ ಕತೆ ಮುಗಿಯಿತು... ತಿರುಗಲಿಲ್ಲ. ಅವನಿಗೆ ಮೇಡಮ್ಮನ್ನು ಬಾಗಿಲು ದಾಟಿಸುವ ಆತುರ.

"ಬರ್ತೀನಿ," ಅಂದರು ಮೇಡಂ.

ನಾನು ಮುಂದೆ ಬಂದು ಕೈ ಚಾಚಿದೆ. ಅವರೂ ಕೈ ಕೊಟ್ಟರು. ಸಿಪ್ಪೆಯನ್ನು ಅವರ ಅಂಗೈಯಲ್ಲಿ ಒತ್ತಿದೆ. ಗಟ್ಟಿಯಾಗಿ ಒತ್ತಿದೆ. ಅವರ ಕಣ್ಣನ್ನೇ ನೋಡಿದೆ.

ಮೇಡಂ ಕೈ ನೋಡಿಕೊಂಡರು. ಮುಖ ಗಂಟಿಕ್ಕಿದರು. ಜೇಬಿನಿಂದ ಕರ್ಚೀಫ್ ತೆಗೆದು ಕೈ ಒರೆಸಿಕೊಂಡರು... ಹೊರಟೇ ಹೋದರು!

ಕಸ ಅಂದುಕೊಂಡರು!

ವ್ಯಾನಿನ ಡ್ರೈವರ್ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ನೆಲಮಾಳಿಗೆಗೆ ತಳ್ಳಿದ. ಭಾವ ಮೂಲೆಯಲ್ಲಿ ಮುದುರಿ ಕೂತಿದ್ದರು. ಬ್ರಷ್ ಇನ್ನೂ ಕೈಯಲ್ಲೇ ಇತ್ತು.

"ಮುಟ್ಟಿದ್ರಾ?" ಅಂದರು.

"ಇಲ್ಲ."

"ಸದ್ಯ!" ಅಂದರು ಭಾವ. ಅವರ ಮುಖ ಅರಳಿದ್ದು ನೋಡಿ ನನಗೆ ಅಳು ಬಂತು.

ಆಗ ಮೀಸೆಯ ಜೇಬಿನಲ್ಲಿ ಫೋನ್ ರಿಂಗ್ ಆಯಿತು.

ಮೀಸೆಯ ಹಣೆಯಲ್ಲಿ ಬೆವರು. ಚಿಲಕಕ್ಕೆ ಮೊದಲೇ ಹಗ್ಗ ಕಟ್ಟಿಟ್ಟಿದ್ದ. ಹಗ್ಗದ ತುದಿ ಹಿಡಿದು ಮೆಟ್ಟಿಲ ಮೇಲಕ್ಕೆ ಓಡಿದ. ಅಲ್ಲಿಂದ ಎಳೆದ. ಮೇಲಿನ ಬಾಗಿಲನ್ನು ಧಡಾರನೆ ಹಾಕಿ ಬೀಗ ಜಡಿದ. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು!

ಜಾಲರಿ ಬಾಗಿಲು ಕಿರ್ರನೆ ತೆರೆಯಿತು.

ಏನೂ ಬರಲಿಲ್ಲ. ಉಸಿರು ನಿಂತಿತು. ನನ್ನದೂ ನಿಂತಿತು.

ಆಮೇಲೆ ಒಂದು ಕಾಲು. ಆಮೇಲೆ ತಲೆ.

ನಾನು ಕಿರುಚಿದೆ. ಅಪ್ಪಾ ಅಂದೆ, ಅಮ್ಮಾ ಅಂದೆ, ದೇವರನ್ನೂ ಕರೆದೆ. ಗೋಡೆಗೆ ಎಷ್ಟು ಒತ್ತಿಕೊಂಡೆನೆಂದರೆ ಬೆನ್ನು ತರಚಿತು. ಚಿರತೆ ಹೊಟ್ಟೆ ನೆಲ ಸವರುವಂತೆ ಬಗ್ಗಿ ಹೊರಗೆ ಬಂತು. ಸಪೂರವಾಗಿತ್ತು. ನೇರ ನನ್ನ ಕಡೆಗೇ ನೋಡಿತು.

ಭಾವ ಎದ್ದು ನಿಂತರು.

"ಭಾವ! ಕೂತ್ಕೊಳ್ಳಿ!"

ಅವರು ಕೂರಲಿಲ್ಲ. ನನ್ನ ಮುಂದೆ ಬಂದು ನಿಂತರು. ಕೈ ನಡುಗುತ್ತಿತ್ತು, ಕಾಲೂ ನಡುಗುತ್ತಿತ್ತು. ಆದರೂ ನಿಂತರು. ಬೆಕ್ಕಿಗೆ ಹೆದರುವ ಮನುಷ್ಯ! ನಾನು ಅವರ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಅವಿತುಕೊಂಡೆ.

"ಅಯ್ಯೋ..." ಅಂದರು ಭಾವ ಮೆಲ್ಲಗೆ. "ಕಣ್ಣು ತಪ್ಪು ಬರೆದಿದ್ದೀನಿ."

"ಏನು?!"

"ಫೋಟೋದಲ್ಲಿ ಸಿಟ್ಟು ಅಂತ ಅನ್ನಿಸ್ತು. ಸಿಟ್ಟಲ್ಲ ಇದು. ನೋಡು, ಇದಕ್ಕೆ ನಮಗಿಂತ ಜಾಸ್ತಿ ಹೆದರಿಕೆ..."

"ಭಾವ, ದಯವಿಟ್ಟು ಬಾಯಿ ಮುಚ್ಚಿ!"

ಅವರು ಅಲುಗಾಡಲಿಲ್ಲ. ಚಿರತೆಯೂ ಅಲುಗಾಡಲಿಲ್ಲ. ಅದರ ಪಕ್ಕೆ ಪಟಪಟ ಬಡಿದುಕೊಳ್ಳುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಮೇಲೆ ಗಲಾಟೆ ಶುರುವಾಯಿತು. ಬೂಟುಗಳು, ಕೂಗು, ಏನೋ ಒಡೆದ ಸದ್ದು. ಆ ಸದ್ದಿಗೆ ಚಿರತೆ ಬಾಲ ಮುದುರಿಕೊಂಡು ಹಿಂದಕ್ಕೆ ಸರಿಯಿತು... ಇನ್ನೂ ಸರಿಯಿತು... ತನ್ನ ಕತ್ತಲೆಯೊಳಗೆ ಹೋಗಿ ಬಿದ್ದುಕೊಂಡಿತು.

ಭಾವ ಹೋಗಿ ಜಾಲರಿ ಮುಚ್ಚಿ ಚಿಲಕ ಹಾಕಿದರು. ಆಮೇಲೆ ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದರು.

ಮೇಲಿನ ಬಾಗಿಲು ಒಡೆದು ಮೊದಲು ಇಳಿದವರು ಆಫೀಸರ್ ಮೇಡಂ.

"ನಿಮ್ಮ ಕಸ ಜೋಪಾನವಾಗಿ ಇಟ್ಟಿದೀನಿ," ಅಂದರು. ಮಡಿಸಿದ ಕರ್ಚೀಫ್ ಬಿಚ್ಚಿ ತೋರಿಸಿದರು. ಗೇಟಿನ ಆಚೆ ತಮ್ಮ ಸಿಬ್ಬಂದಿಯ ಜೊತೆ ಜೀಪಿನಲ್ಲಿ ಕೂತು ಅದನ್ನು ನೋಡಿದ್ದರಂತೆ. ಬಣ್ಣದ ಸಿಪ್ಪೆ, ಅದರ ಮೇಲೆ ಕೂದಲೆಳೆಯಂಥ ಗೆರೆಗಳು. ಕನ್ನಡಕ ಮರೆತೆ ಅಂತ ವಾಪಸ್ ಬಂದು, ಹೆಬ್ಬೆರಳಲ್ಲಿ ಚಿತ್ರವನ್ನು ಉಜ್ಜಿದ್ದರು. ಚಿರತೆಯ ಪಕ್ಕೆಯೇ ಕಿತ್ತು ಬಂದಿತ್ತಂತೆ. ಸಾಹುಕಾರ ರಿಂಗ್ ಕೊಟ್ಟದ್ದು ಆವಾಗ.

ಈಗ ಸಾಹುಕಾರ ಒಳಗಿದ್ದಾನೆ, ಮೀಸೆಯೂ ಒಳಗೆ. ಚಿರತೆಯನ್ನು ಆರೈಕೆ ಕೇಂದ್ರಕ್ಕೆ ಒಯ್ದರು. ಮನೆಗೆ ಬಂದ ಭಾವನನ್ನು ಅಕ್ಕ ತಬ್ಬಿಕೊಂಡು ಅತ್ತಳು. ಆಮೇಲೆ ಇನ್ನೊಂದು ಚಪ್ಪಲಿ ಎಲ್ಲಿ ಅಂತ ಬೈದಳು. ವಾರ್ನಿಷ್ ವಿಷಯ ಮಾತ್ರ ಯಾರಿಗೂ ಹೇಳಬೇಡ ಅಂತ ಭಾವ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾರೆ. ನೀವೂ ಯಾರಿಗೂ ಹೇಳಬೇಡಿ.

ಕಳೆದ ತಿಂಗಳು ಅವರು ನನಗೊಂದು ಚಿತ್ರ ಬರೆದುಕೊಟ್ಟರು. ಫೋಟೋ ನೋಡದೆ ಬರೆದ ಮೊದಲನೆಯದು. ನನ್ನ ಆಫೀಸಿನಲ್ಲಿ, ನನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದೇನೆ. ಹೆದರಿದ ಕಣ್ಣಿನ ಒಂದು ಚಿರತೆ. ಅದರೆದುರು ಬ್ರಷ್ ಹಿಡಿದ ಒಬ್ಬ ಸಣಕಲು ಮನುಷ್ಯ. ಅವನ ಬೆನ್ನ ಹಿಂದೆ, ಅಂಗಿ ಹಿಡಿದು, ಬಾಯಿ ಅಗಲ ಮಾಡಿ ಅಳುತ್ತಿರುವ ಒಬ್ಬ ಹೆಂಗಸು. ಭಾವ ಸುಳ್ಳು ಬರೆಯುವವರಲ್ಲ.

ಕೆಲಸ ಹೇಳಲು ಬಂದವರು ಎಲ್ಲರೂ ಕೇಳುತ್ತಾರೆ.

"ಹಿಂದೆ ಇರೋ ಆ ಹೆಂಗಸು ಯಾರು ಮೇಡಂ?"

"ಹಳೇ ಕ್ಲೈಂಟು," ಅನ್ನುತ್ತೇನೆ.