ಎರಡು ಸಲ ಕರೆದ ಹೆಸರು

"ಜೊನೆಲ್ ಪೆಟ್ವೇ!"

ಪಾಸ್ಟರ್ ಹೆಸರು ಕರೆದರು. ಮೇ ತಿಂಗಳ ಒಂದು ಭಾನುವಾರ, ಆ ವರ್ಷ ಪದವಿ ಪಡೆದ ಮಕ್ಕಳನ್ನು ಹೀಗೆ ಕರೆಯುವುದು ಅಲಬಾಮಾದ ಆ ಸಣ್ಣ ಚರ್ಚಿನ ಪದ್ಧತಿ. ಹೆಸರು ಬಂದವರು ಏಳಬೇಕು, ಜೊತೆಗೆ ಮನೆಯವರೆಲ್ಲ ಏಳಬೇಕು. ಅಜ್ಜಿ ಲುವೆಲ್ಲಾ ನೇರಳೆ ಟೋಪಿ ಸರಿಮಾಡಿಕೊಂಡು ಆಗಲೇ ಎದ್ದು ನಿಂತಿದ್ದಳು. ಆದರೆ ಮೊಮ್ಮಗಳು ಏಳಲಿಲ್ಲ!

"ಏಳೇ! ಎಲ್ಲರೂ ನೋಡ್ತಿದ್ದಾರೆ."

"ಅಜ್ಜಿ... ನಂಗಿನ್ನೂ ಪದವಿ ಸಿಕ್ಕಿಲ್ಲ. ಐದು ವರ್ಷ ಅಂತ ಹೇಳಿದ್ನಲ್ಲ..."

ಹೇಳಿದ್ದು ನಿಜ. ಮೂರು ವರ್ಷ ಒಂದು ಸಣ್ಣ ಕಾಲೇಜಿನಲ್ಲಿ ಸಂಗೀತ, ಸಾಹಿತ್ಯ, ಇತಿಹಾಸ. ಆಮೇಲೆ ಎರಡು ವರ್ಷ ಬೇರೊಂದು ಊರಿನಲ್ಲಿ ಇಂಜಿನಿಯರಿಂಗ್. ಕೊನೆಗೆ ಎರಡು ಪದವಿಯೂ ಒಟ್ಟಿಗೆ. ಆದರೆ ಕಾಲೇಜೆಂದರೆ ನಾಲ್ಕು ವರ್ಷ ಎಂದೇ ತಿಳಿದಿದ್ದ ಲುವೆಲ್ಲಾ ಯಾರನ್ನೂ ಕೇಳದೆ ಪಾಸ್ಟರಿಗೆ ಹೆಸರು ಕೊಟ್ಟುಬಿಟ್ಟಿದ್ದಳು. ಈಗ ಇಡೀ ಚರ್ಚಿನ ಮುಂದೆ ಒಬ್ಬಳೇ ನಿಂತಿದ್ದಳು...

ಮನೆಗೆ ಬಂದವಳು ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ ಸೊಸೆ ವರ್ನೀಸಳ ಮೇಲೆ ಹರಿಹಾಯ್ದಳು.

"ಎಲ್ಲಾ ನಿನ್ನ ಸಲುಗೆ! ಇಂಜಿನಿಯರ್ ಆಗೋಳಿಗೆ ಹಾಡು-ಪಾಡು ಯಾಕೆ ಬೇಕಿತ್ತು? ಸೇತುವೆಗೆ ಜೋಗುಳ ಹಾಡ್ತಾಳಾ? ನನ್ನ ಮಗ ಬದುಕಿದ್ದಿದ್ರೆ..."

ಗಂಡ ಸತ್ತ ಮೇಲೂ ಅತ್ತೆಯ ಮನೆಯಲ್ಲೇ ಉಳಿದು, ಎಂದೂ ಎದುರಾಡದ ವರ್ನೀಸ್ ಕೋಳಿಯ ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಮಗ ಬದುಕಿದ್ದಿದ್ರೆ, ಅತ್ತೆ, ನನ್ನ ಮಗಳು ಸುಳ್ಳಿಗೆ ಎದ್ದು ನಿಲ್ಲಲಿಲ್ಲ ಅಂತ ಹೆಮ್ಮೆ ಪಡ್ತಿದ್ರು!"

ಅಂದಿನಿಂದ ಲುವೆಲ್ಲಾ ಸೊಸೆಯ ಜೊತೆಯೂ ಮೊಮ್ಮಗಳ ಜೊತೆಯೂ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ... ಮಾತಿಲ್ಲ.

ಲುವೆಲ್ಲಾಳಿಗೆ ಇನ್ನೊಂದು ಕೊರಗಿತ್ತು. ಒಂದು ಕಾಲದಲ್ಲಿ ಆ ಚರ್ಚಿನ ಮುಖ್ಯ ಹಾಡುಗಾರ್ತಿ ಅವಳು. ವಯಸ್ಸಾದಂತೆ ಸಭಾಂಗಣದ ಪ್ರತಿಧ್ವನಿಯಲ್ಲಿ ಪ್ರವಚನವೂ ಹಾಡೂ ಕಲಸಿಹೋಗಿ, ಏನೂ ತಿಳಿಯದೆ, ಹಾಡುವುದನ್ನೇ ನಿಲ್ಲಿಸಿದ್ದಳು. ಜೊನೆಲ್‌ಗೆ ಅದು ಗೊತ್ತಿತ್ತು.

ಕ್ರಿಸ್‌ಮಸ್ ರಜೆಗೆ ಬಂದವಳು ಖಾಲಿ ಚರ್ಚಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು, ಕಿವಿಗೊಟ್ಟಳು. ಜಾಗ ಬದಲಿಸಿ ಮತ್ತೆ ತಟ್ಟಿದಳು. ಹಿಂದಿನ ಬರಿಗೋಡೆಗೆ ಬಡಿದು ಸದ್ದು ತಿರುಗಿ ಬರುತ್ತಿತ್ತು. ಅಳತೆ ತೆಗೆದು ಲೆಕ್ಕ ಹಾಕಿದಳು. ಸದ್ದು ಹೀರಲು ಆ ಗೋಡೆಗೆ ದಪ್ಪ ಬಟ್ಟೆ ಬೇಕೆಂದಾಗ ಪಾಸ್ಟರ್ ಒಪ್ಪಿದರು. ವರ್ನೀಸ್ ಅತ್ತೆಯ ಪೆಟ್ಟಿಗೆಯನ್ನೇ ತೆರೆದು, ಆಕೆ ಕೈಯಾರೆ ಹೊಲಿದ ದಪ್ಪ ಕೌದಿಗಳನ್ನು ತಂದಳು. ಗೋಡೆಗೆ ತಾಗದಂತೆ ಸ್ವಲ್ಪ ಅಂತರ ಬಿಟ್ಟು ಅವನ್ನು ತೂಗುಹಾಕಿದರು.

ಭಾನುವಾರ ಲುವೆಲ್ಲಾ ಒಳಗೆ ಬಂದವಳೇ ಕೆಂಡವಾದಳು. "ನನ್ನ ಕೌದಿ! ಗೋಡೆಗೆ ಚಳಿಯಾಯ್ತೇನು?"

ಅಷ್ಟರಲ್ಲಿ ಪಾಸ್ಟರ್ ಮಾತು ಶುರುಮಾಡಿದರು. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸಿತು! ಲುವೆಲ್ಲಾ ಬೆಚ್ಚಿ ತಲೆಯೆತ್ತಿದಳು. ಹಾಡು ಶುರುವಾದಾಗ, ವರ್ಷಗಳಿಂದ ಮೌನವಾಗಿದ್ದ ಆ ಕಂಠ ನಡುಗುತ್ತಾ ಎದ್ದು ಎಲ್ಲರ ದನಿಯೊಳಗೆ ಸೇರಿಕೊಂಡಿತು... ವರ್ನೀಸ್ ಬಾಯಿಗೆ ಕೈ ಒತ್ತಿಹಿಡಿದು ಅತ್ತಳು.

ಹೊರಗೆ ಬಂದ ಮೇಲೆ ಲುವೆಲ್ಲಾ ಮೊಮ್ಮಗಳ ಮುಖ ನೋಡದೆಯೇ ಕೇಳಿದಳು: "ಇದನ್ನ ಯಾವ ಕಾಲೇಜಲ್ಲಿ ಕಲಿತೆ?"

"ಒಂದರಲ್ಲಿ ಕಿವಿಗೊಡೋದು ಕಲಿತೆ, ಇನ್ನೊಂದರಲ್ಲಿ ಲೆಕ್ಕ ಹಾಕೋದು. ಒಂದೇ ಆಗಿದ್ರೆ ಇದು ಆಗ್ತಿರಲಿಲ್ಲ, ಅಜ್ಜಿ."

ಲುವೆಲ್ಲಾ ಟೋಪಿ ಸರಿಮಾಡಿಕೊಂಡು ಮನೆಯತ್ತ ನಡೆದಳು. ಆದರೆ ಕೌದಿಗಳನ್ನು ವಾಪಸ್ ಕೇಳಲಿಲ್ಲ.

ಮತ್ತೆ ಮೇ ಬಂತು.

"ಜೊನೆಲ್ ಪೆಟ್ವೇ, ಸಂಗೀತ ಪದವಿ!"

ಜೊನೆಲ್ ಎದ್ದಳು, ಮನೆಯವರೂ ಎದ್ದರು. ಚಪ್ಪಾಳೆ ಮುಗಿದು ಎಲ್ಲರೂ ಕುಳಿತರು. ನೇರಳೆ ಟೋಪಿ ಮಾತ್ರ ಕೂರಲಿಲ್ಲ.

"ಅತ್ತೆ, ಕೂತ್ಕೊಳ್ಳಿ," ವರ್ನೀಸ್ ಪಿಸುಗುಟ್ಟಿದಳು, "ಎಲ್ಲರೂ ನೋಡ್ತಿದ್ದಾರೆ."

"ನೋಡ್ಲಿ ಬಿಡೇ! ಹೋದ ವರ್ಷ ಪದವಿ ಬರೋ ಮೊದಲೇ ನಿಂತು ಕೆಟ್ಟೆ. ಈ ವರ್ಷ ಇಂಜಿನಿಯರಿಂಗಿಗೆ ಇನ್ನೊಂದು ಸಲ ಕರೀತಾರೆ ಅಂತ ಗೊತ್ತಿದ್ದೇ ನಿಂತಿದ್ದೀನಿ."

ಲುವೆಲ್ಲಾ ಸೊಸೆಯ ಮುಂದೆ ಕೈಚಾಚಿದಳು.

"ನೀನೂ ಏಳು, ತಾಯಿ. ಅವಳನ್ನ ಬೆಳೆಸಿದೋಳು ನೀನು."