ಡಿಪೋ ಕಡೆಗೆ ಬಾಯಿ ತೆರೆದ ವೃತ್ತ

ಶೆನ್ಯಾಂಗ್ ನಗರದ ದಕ್ಷಿಣ ಠಾಣೆಗೆ ದೂರು ಬಂದದ್ದು ಚಳಿಬಟ್ಟೆ ಹಬ್ಬದ ಮರುದಿನ ಬೆಳಿಗ್ಗೆ ಏಳೂ ಹತ್ತಕ್ಕೆ. ಹಿಂದಿನ ಸಂಜೆ ಟ್ರ್ಯಾಮ್ ಹಾದಿಯ ಅಡ್ಡರಸ್ತೆಯೊಂದರಲ್ಲಿ ಬೆಂಕಿ ಬಿದ್ದು, ಹಳಿಗಳ ನಡುವಿನ ಒಣಹುಲ್ಲಿನ ಜೊತೆಗೆ ಸಿಗ್ನಲ್ ಕೇಬಲ್ಲೂ ಸುಟ್ಟಿತ್ತು. ಹುಲ್ಲು ನೋಡಿಕೊಳ್ಳುವ ಮುದುಕ ಸುಯಿ ಎಸೆದ ಸಿಗರೇಟೇ ಕಾರಣವೆಂದು ಟ್ರ್ಯಾಮ್ ಕಚೇರಿಯವರು ಅವನನ್ನು ಆಗಲೇ ಕೆಲಸದಿಂದ ನಿಲ್ಲಿಸಿದ್ದರು.

ಪ್ರಕರಣ ದಾಖಲಿಸಿ ಇನ್ಸ್‌ಪೆಕ್ಟರ್ ಟೊಂಗ್ ಝಾವೊಲಿನ್ ಪಂಚನಾಮೆಗೆ ಹೋದ. ಜೊತೆಗೆ ಕಾನ್ಸ್‌ಟೇಬಲ್ ಗುವಾನ್ ಯುವೆ.

"ನಾನು ಸೇದೋದು ಬಿಟ್ಟೇ ಎರಡು ವರ್ಷ ಆಯ್ತು ಸಾಹೇಬ್ರೇ," ಎಂದ ಅಲ್ಲೇ ಕಾದು ನಿಂತಿದ್ದ ಸುಯಿ. "ಹೆಂಡತಿ ಬಿಡಿಸಿದ್ಲು. ಬೇಕಿದ್ರೆ ಅವಳನ್ನೇ ಕೇಳಿ, ನನ್ನ ಮೇಲೆ ನಂಬಿಕೆ ಇಲ್ದಿದ್ರೂ ಅವಳ ಮೇಲೆ ಬರುತ್ತೆ."

ಟೊಂಗ್ ಬೂದಿಯನ್ನು ಕುಂಚದಿಂದ ಸರಿಸಿದ. ಕಾಂಕ್ರೀಟಿನ ಮೇಲೆ ಸೀಮೆಸುಣ್ಣದ ವೃತ್ತ ಕಂಡಿತು. ಹಬ್ಬದ ದಿನ ಸತ್ತವರಿಗೆ ಚಳಿಗಾಲಕ್ಕೆಂದು ಕಾಗದದ ಬಟ್ಟೆ ಸುಡುವವರು ಹೀಗೆ ವೃತ್ತ ಬರೆದು, ಸುಟ್ಟದ್ದು ಅವರಿಗೆ ತಲುಪಲೆಂದು ಸಮಾಧಿಯ ದಿಕ್ಕಿನಲ್ಲಿ ಗೆರೆ ಕೂಡಿಸದೆ ಬಾಯಿ ಬಿಡುತ್ತಾರೆ. ಆದರೆ ಬೂದಿಯಲ್ಲಿದ್ದದ್ದು ಸುಟ್ಟ ಉಣ್ಣೆಯ ವಾಸನೆ, ಅದರ ಜೊತೆ ಜೋಳದ ಸಾರಾಯಿಯದು. ಒಂದು ಹಿತ್ತಾಳೆ ಗುಂಡಿಯೂ ಸಿಕ್ಕಿತು.

"ಉಣ್ಣೆ ಸುಲಭಕ್ಕೆ ಹತ್ತಲ್ಲ. ಅದಕ್ಕೇ ಸಾರಾಯಿ ಸುರಿದಿದಾರೆ. ಬೆಂಕಿ ಕೈಮೀರಿದೆ," ಎಂದ ಟೊಂಗ್.

"ಬಾಯಿ ಮಾತ್ರ ಹಳಿಗುಂಟ ದಕ್ಷಿಣಕ್ಕಿದೆ ಸಾರ್," ಎಂದಳು ಯುವೆ. " ಆ ಕಡೆ ಸ್ಮಶಾನ ಎಲ್ಲಿದೆ? ಇರೋದು ಟ್ರ್ಯಾಮ್ ಡಿಪೋ."

ಡಿಪೋದ ಮೇಲ್ವಿಚಾರಕ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದ. "ನಮ್ಮ ಚಾಲಕರ ಚಳಿಗಾಲದ ಕೋಟಿಂದು. ಇರೋರ ಕೋಟು ಅವರವರ ಮೈಮೇಲಿದೆ, ನೋಡಿ."

"ಇಲ್ದಿರೋರದು?"

ಆತ ಗುಂಡಿಯನ್ನು ಟೊಂಗ್‌ನ ಕೈಗೆ ಮರಳಿಸಿದ. "ಹೋದ ಚಳಿಗಾಲ ಲುವಾನ್ ಹೋದ. ಎದೆನೋವು ಬಂದಾಗ ಗಾಡಿ ನಿಲ್ಲಿಸಿ, ಬಾಗಿಲು ತೆಗೆದು, ಆಮೇಲೆ ಒರಗಿದ. ಅದೇ ಅಡ್ಡರಸ್ತೇಲಿ."

ಲುವಾನನ ಹೆಂಡತಿ ಶುಛಿನ್ ಬಾಗಿಲು ತೆರೆದಾಗ ಆಕೆಯ ಕಾಲ ಬಳಿ ಒಂದು ಚೀಲವಿತ್ತು. ಅದರಲ್ಲಿ ಟವೆಲು, ಹಲ್ಲುಜ್ಜುವ ಬ್ರಷ್ಷು.

"ಎಲ್ಲಿಗೆ ಹೊರಟಿದ್ರಿ ಅತ್ತಿಗೆ?" ಊರಿನ ರೂಢಿಯಂತೆ ಕರೆದು ಟೊಂಗ್ ಕೇಳಿದ.

"ನಿಮ್ಮ ಠಾಣೆಗೇ. ಸುಯಿ ಅಣ್ಣನ ಕೆಲಸ ಹೋಯ್ತಂತೆ, ಈಗಷ್ಟೇ ಗೊತ್ತಾಯ್ತು. ಅವರದ್ದೇನೂ ತಪ್ಪಿಲ್ಲ. ಮೊದಲು ಅದನ್ನ ಬರ್ಕೊಳ್ಳಿ."

"ಕಾಗದದ ಬಟ್ಟೆ ಸುಡಬಹುದಿತ್ತಲ್ಲ?"

"ಅವ್ರಿಗೆ ಚಳಿ ಜಾಸ್ತಿ. ಕಾಗದದ್ದು ಎಲ್ಲಿ ಸಾಲುತ್ತೆ?"

"ಬಾಯಿ ಡಿಪೋ ಕಡೆಗೆ ಯಾಕೆ ಬಿಟ್ರಿ?"

"ಅವ್ರ ಬೂದಿ ಸಮುದ್ರಕ್ಕೆ ಬಿಟ್ವಿ, ಅದೇ ಅವ್ರ ಆಸೆ. ಸಮುದ್ರದಲ್ಲಿ ಯಾವ ಕಡೆ ಅಂತ ತೋರಿಸ್ಲಿ? ದಿನಾ ಮನೆಗೆ ಬರ್ತಿದ್ದದ್ದು ಡಿಪೋ ಕಡೆಯಿಂದ. ಅಷ್ಟೇ ನನಗೆ ಗೊತ್ತಿರೋ ದಿಕ್ಕು."

ಸುಯಿಯನ್ನು ಕೆಲಸಕ್ಕೆ ಮರಳಿ ಕರೆಯಬೇಕೆಂದು ಯುವೆ ಅಲ್ಲಿಂದಲೇ ಕಚೇರಿಗೆ ಫೋನ್ ಮಾಡಿದಳು. ಸಾರ್ವಜನಿಕ ಆಸ್ತಿಗೆ ಬೆಂಕಿಯಿಂದ ಹಾನಿ ಮಾಡಿದ್ದಕ್ಕೆ ಶುಛಿನ್‌ಳನ್ನು ಬಂಧಿಸಲಾಯಿತು. ಕೈಕೋಳ ಹಾಕಲಿಲ್ಲ, ಚೀಲವನ್ನು ಟೊಂಗ್ ತಾನೇ ಎತ್ತಿಕೊಂಡ.

ಮೆಟ್ಟಿಲಲ್ಲಿ ಆಕೆ ನಿಂತಳು. "ಕೋಟು ಪೂರ್ತಿ ಸುಟ್ಟಿತ್ತಾ?"

"ಒಂದು ಗುಂಡಿ ಉಳೀತು ಅತ್ತಿಗೆ."

"ಯಾವುದು? ಮೇಲಿನದಾ?"

"ಎಲ್ಲಾ ಗುಂಡೀನೂ ಒಂದೇ ಥರ ಅತ್ತಿಗೆ, ಗೊತ್ತಾಗ್ಲಿಲ್ಲ."

"ಮೇಲಿನದಾದ್ರೆ ಅವ್ರ ಕುತ್ತಿಗೆ ಹತ್ರ ಗಾಳಿ ನುಗ್ಗುತ್ತೆ," ಎಂದಳು ಆಕೆ, ಒಂದೊಂದೇ ಮೆಟ್ಟಿಲು ಇಳಿಯುತ್ತ.