ಭುಜದ ಮೇಲಿನ ಕೈ

ಡಿಸೆಂಬರ್ ಅರ್ಧ ಮುಗಿದಿತ್ತು. ಗಡಿಯಾಚೆಯ ಮರಾಠಿ ಸೀಮೆಯ ಮುರುಮ ಊರಿನ ಸುತ್ತ ಕಬ್ಬಿನ ಕಡಿತ ಜೋರಾಗಿ ನಡೆದಿತ್ತು. ಕಡಿದ ಹೊಲಗಳಲ್ಲಿ ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ ಎದ್ದು, ಅದರ ಕರಿ ಊರ ಮೇಲೆ ಎಳ್ಳು ಚೆಲ್ಲಿದ ಹಾಗೆ ಬೀಳುತ್ತಿತ್ತು. ಒಣಹಾಕಿದ ಬಟ್ಟೆ, ಚಹದ ಬಶಿ, ಠಾಣೆಯ ಅಂಗಳದ ಜೀಪು, ಯಾವುದನ್ನೂ ಬಿಡುತ್ತಿರಲಿಲ್ಲ. ಹವಾಲ್ದಾರ ಬಕ್ಕಪ್ಪ ಬೆಳಗಿನಿಂದ ಕಬ್ಬಿನ ಟ್ರ್ಯಾಕ್ಟರಿನವರ ಜಗಳ ಬಿಡಿಸಿ ಬಂದು, ಮೇಜಿನ ಮೇಲಿನ ಕರಿಯನ್ನು ಟವೆಲಿನಿಂದ ಕೊಡವುತ್ತಿದ್ದಾಗ ಫೋಟೊ ಸ್ಟುಡಿಯೊದ ಧೀರಜ ಏದುಸಿರು ಬಿಡುತ್ತ ಬಂದ. ಅಂದು ಸೋಮವಾರ, ಹದಿನೈದನೇ ತಾರೀಖು, ಮಧ್ಯಾಹ್ನ ಮೂರು ಗಂಟೆ.

“ಕಾಕಾ, ನನ್ನ ಅಂಗಡ್ಯಾಗ ಚೋರಿ ಆಗ್ಯಾದ್ರಿ.”

“ಏನ್ ಹೋಗ್ಯಾದ?”

“ಹಾರ್ಡ್ ಡಿಸ್ಕ್. ಗಿರಾಕಿಗಳ ಫೋಟೊ ಎಲ್ಲಾ ಅದರಾಗೇ ಇದ್ದವು.”

“ಕ್ಯಾಮೆರಾ?”

“ಅದಾದ್ರಿ. ಡಿಸ್ಕಿನ ಬಾಜೂಕೇ ಇತ್ತು, ಮುಟ್ಟಿಲ್ಲ. ಗಲ್ಲಾನೂ ಮುಟ್ಟಿಲ್ಲ.”

“ಬೀಗ ಮುರದಾರೇನು?”

“ಬೀಗ ಹಾಕಿರಲಿಲ್ರಿ. ಶಟರ್ ಅರ್ಧ ಎಳದು ಊಟಕ್ಕ ಹೋಗಿದ್ದೆ. ಊಟಕ್ಕ ಹೋಗಾಗ ಯಾರ್ ಬೀಗ ಹಾಕ್ತಾರ?”

“ಅದನ್ನ ಫಿರ್ಯಾದಿದಾಗ ಬರೀಲೇನು?” ಎಂದ ಬಕ್ಕಪ್ಪ. ಧೀರಜ ತಲೆ ಕೆರೆದುಕೊಂಡ.

ಫೌಜದಾರ ಶೈಲೇಶ ಪುಣೆಯ ಕಡೆಯವರು. ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವರು ಮರಾಠಿಯಲ್ಲಿ ಕೇಳುವುದು, ಬಕ್ಕಪ್ಪ ಕನ್ನಡದಲ್ಲಿ ತಿರುಗಿಸಿ ಕೇಳುವುದು, ಉತ್ತರವನ್ನು ಮತ್ತೆ ಮರಾಠಿಯಲ್ಲಿ ಬರೆಯುವುದು, ಇದು ಎರಡು ವರ್ಷದಿಂದ ನಡೆದುಬಂದ ಪದ್ಧತಿ. ಎಫ್‌ಐಆರ್ ದಾಖಲಾಯಿತು. ಪಕ್ಕದ ಪಾನ್ ಅಂಗಡಿಯವನನ್ನೂ ದರ್ಜಿಯನ್ನೂ ಪಂಚರನ್ನಾಗಿ ಕರೆದು ಸ್ಟುಡಿಯೊದ ಪಂಚನಾಮೆ ಶುರುವಾಯಿತು. ಜೊತೆಗೆ ಮಹಿಳಾ ಪೇದೆ ಸಾರಿಕಾ ಇದ್ದಳು.

ಇಂಥ ಕಳವನ್ನು ಬಕ್ಕಪ್ಪ ನೋಡಿರಲಿಲ್ಲ. ಡಿಸ್ಕಿನ ವಾಯರನ್ನು ಯಾರೋ ನೀಟಾಗಿ ಸುತ್ತಿ ಮೇಜಿನ ಮೂಲೆಗೆ ಇಟ್ಟಿದ್ದರು. ಕೀಬೋರ್ಡಿನ ಮೇಲಿನ ಬಟ್ಟೆ ಮತ್ತೆ ಹೊದಿಸಿತ್ತು. ನೆಲದ ಬಿಳಿ ಹಾಸುಗಲ್ಲಿನ ಮೇಲೆ ಕಬ್ಬಿನ ಕರಿ ತೆಳ್ಳಗೆ ಕೂತಿತ್ತು, ಅದರಲ್ಲಿ ಬರಿಗಾಲಿನ ಗುರುತು ಒಳಗೆ ಬಂದು ಹೊರಗೆ ಹೋಗಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟಿದ್ದ ಜಾಗ ಮಾತ್ರ ಕರಿಯಿಲ್ಲದೆ ಜೋಡಿಯಾಗಿ ಬೆಳ್ಳಗಿತ್ತು.

“ಚಪ್ಪಲ್ ಕಾ ಕಾಢಲೀ?” ಎಂದು ಫೌಜದಾರರು ಹುಬ್ಬೇರಿಸಿದರು.

ಚಪ್ಪಲಿ ಯಾಕೆ ಬಿಟ್ಟರು ಎಂಬುದು ಬಕ್ಕಪ್ಪನಿಗೆ ತಿಳಿಯಿತು. ಗಲ್ಲೆಯ ಮೇಲೆ ಬಸವಣ್ಣನ ಫೋಟೊ ಇತ್ತು, ಮುಂದೆ ಊದಿನಕಡ್ಡಿ. ದೇವರಿದ್ದಲ್ಲಿ ಚಪ್ಪಲಿ ಹಾಕಿಕೊಂಡು ಕದಿಯಲು ಮನಸ್ಸಾಗದ ಕಳ್ಳ.

ಸಾರಿಕಾ ಕುಕ್ಕರುಗಾಲಲ್ಲಿ ಕೂತು ಗುರುತು ನೋಡುತ್ತಿದ್ದಳು. “ಹೆಣ್ಮಗಳು ಅದಾಳ್ರಿ. ಎರಡನೇ ಬೆರಳಿನ ಬುಡಕ ನೋಡ್ರಿ, ಕಾಲುಂಗುರದ ಗೆರಿ ಮೂಡ್ಯಾದ.” ತನ್ನ ಬೂಟು ಕಳಚಿ ಪಕ್ಕದಲ್ಲಿ ಕಾಲೂರಿ ತೋರಿಸಿದಳು. ಅದೇ ಗುರುತು.

ಫೌಜದಾರರು ಧೀರಜನ ಕಡೆ ತಿರುಗಿದರು. ಡಿಸ್ಕಿನಲ್ಲಿ ಈಗ ಯಾರ ಕೆಲಸ ನಡೆದಿತ್ತು?

ಧೀರಜ ತಡವರಿಸಿದ. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದ. “ಮನ್ಮಥಪ್ಪಣ್ಣೋರ ಮಗಳು ಮೀನಲ್‌ದು ಲಗ್ನದ ಆಲ್ಬಂರಿ. ನಿಲಂಗಾ ಊರಿಗಿ ಕೊಟ್ಟಾರಲ್ಲ, ಆಕಿದು.”

“ಮೇ ತಿಂಗಳ ಲಗ್ನ ಅಲ್ಲೇನೋ ಅದು?”

“ಆಲ್ಬಂ ಹಂಗೇ ಆಗ್ತದ ಕಾಕಾ.”

ಪರದೆಯ ಮೇಲೆ ಅಕ್ಷತೆಯ ಹೊತ್ತಿನ ಫೋಟೊ ಬಂತು. ಮದುಮಗಳು ಕಣ್ಣು ಕೆಳಗೆ ಮಾಡಿ ನಿಂತಿದ್ದಳು. ಈ ಭಾಗದಲ್ಲಿ ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು, ಅದು ತಪ್ಪುವಂತಿಲ್ಲ. ಫೋಟೊದಲ್ಲಿ ಹುಡುಗಿಯ ಹಿಂದೆ ಬರೀ ಕೆಂಪು ಪರದೆ ಇತ್ತು. ಆದರೆ ಅವಳ ಬಲ ಭುಜದ ಮೇಲೆ ಒಂದು ಕೈ. ಗಂಡಸಿನ ದಪ್ಪ ಕೈ, ಮಣಿಕಟ್ಟಿನಿಂದ ಆಚೆ ಯಾರೂ ಇರಲಿಲ್ಲ.

ಬಕ್ಕಪ್ಪ ಕನ್ನಡಕ ಸರಿಮಾಡಿಕೊಂಡ. “ಇದ್ಯಾರ ಕೈ?”

“ಕಾಶೆಪ್ಪ ಮಾಮಾಂದ್ರಿ. ಅವರನ್ನ ತೆಗದು ಹಾಕು ಅಂತ ಹುಕುಂ ಆಗ್ಯಾದ. ಮನಷಾನ ಸುತ್ತ ಗೆರಿ ಹಾಕಿ ಒತ್ತಿದ್ರ, ಆಜೂ ಬಾಜೂ ನೋಡ್ಕೊಂಡು ಕಂಪ್ಯೂಟರೇ ಜಾಗಾ ತುಂಬ್ತದ. ಆದ್ರ ಕೈ ತೆಗದ್ರ ಹುಡುಗಿ ಭುಜಾನೇ ಹೊಂಟದ್ರಿ. ನಾಕ್ ಸಲ ನೋಡ್ದೆ. ಕಡೀಕ ಹಂಗೇ ಬಿಟ್ಟೆ, ಜರ ಹೂವಿನ ಹಾರ ಮುಚ್ಚಿದ್ರ ಆಯ್ತು ಅಂತ.”

“ಹುಕುಂ ಯಾರ್ದು?”

“ಮನ್ಮಥಪ್ಪಣ್ಣೋರ್ದೇ. ಮೂಲ ಫೋಟೊನೂ ಅಳಸಬೇಕು, ಇವತ್ತು ಸಂಜಿಗಿ ಬಂದು ಎದುರಿಗಿ ನಿಂತು ಅಳಸಸ್ತೀನಿ ಅಂದಾರ. ಈ ತಿದ್ದಿದ್ದು ಕಂಪ್ಯೂಟರಿನಾಗ ಅದ, ಮೂಲ ಇದ್ದದ್ದು ಆ ಡಿಸ್ಕಿನಾಗ ಒಂದೇ.”

ಮರುದಿನ ಬೆಳಿಗ್ಗೆ ಜೀಪು ಯೆಣೆಗೂರಿನ ಆಚೆಯ ಮನ್ಮಥಪ್ಪನ ಹಳ್ಳಿಗೆ ಹೊರಟಿತು. ಮೊದಲ ಅನುಮಾನ ಅಳಿಸಿಹೋದ ಮನುಷ್ಯನ ಮೇಲೆಯೇ. ಮನ್ಮಥಪ್ಪನ ಹೆಂಡತಿ ಗಿರಿಜಾಬಾಯಿಯ ಅಣ್ಣ ಕಾಶೆಪ್ಪ ಅದೇ ಊರಿನವನು. ಹೊಲದಲ್ಲಿ ತೊಗರಿ ಬಡಿಯುತ್ತಿದ್ದ. ಪೊಲೀಸರನ್ನು ನೋಡಿ ಬಡಿಗೆ ಕೆಳಗಿಟ್ಟು, ಮೊದಲು ನೀರು ಕೊಟ್ಟ.

“ನಿನ್ನೆ ಮಧ್ಯಾನ ಎಲ್ಲಿದ್ದಿ?”

“ಇಲ್ಲೇರಿ. ಹತ್ತ್ ಮಂದಿ ಆಳಿದ್ರು, ಕೇಳ್ರಿ.”

“ಮನ್ಯಾಗ ಹೆಂಗಸರು ಯಾರಿದ್ದಾರ?”

“ಯಾರೂ ಇಲ್ರಿ. ಹೆಂಡ್ತಿ ತೀರಿ ಮೂರು ವರ್ಷಾತು. ಯಾಕ, ಏನಾಗ್ಯಾದ?”

“ಲಗ್ನದ ಫೋಟೊದಾಗಿಂದ ನಿನ್ನ ತೆಗಸ್ಯಾರ. ಗೊತ್ತದ ಏನು?”

ಕಾಶೆಪ್ಪ ನೀರಿನ ತಂಬಿಗೆ ಕೆಳಗಿಟ್ಟ. ಅವನಿಗೆ ಗೊತ್ತಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯಿತು. “ಪೂರಾ ತೆಗದಾರೇನ್ರಿ?” ಎಂದ.

“ಕೈ ಒಂದು ಉಳದದ,” ಎಂದುಬಿಟ್ಟ ಬಕ್ಕಪ್ಪ. ಅಂದ ಮೇಲೆ, ಅನ್ನಬಾರದಿತ್ತು ಎನಿಸಿತು. ಕಾಶೆಪ್ಪ ತನ್ನ ಬಲಗೈ ತಿರುವಿ ನೋಡಿಕೊಂಡ. ತೊಗರಿಯ ಹೊಟ್ಟು ಹತ್ತಿತ್ತು.

“ನಂದೂ ತಪ್ಪದ ಬಿಡ್ರಿ,” ಎಂದು ಹೇಳತೊಡಗಿದ. ಅಕ್ಷತೆಯಾದ ಮೇಲೆ ಹುಡುಗಿಯ ತಂದೆ ಸೋದರಮಾವನ ತಲೆಗೆ ಪಟಕಾ ಎಂಬ ರುಮಾಲು ಸುತ್ತಿ ಮಾನ ಮಾಡಬೇಕು. ಆ ಗದ್ದಲದಲ್ಲಿ ಮನ್ಮಥಪ್ಪ ಮರೆತ. ಇವನು ನೆನಪು ಮಾಡಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡ. ಮನ್ಮಥಪ್ಪ ಗ್ರಾಮಪಂಚಾಯತಿ ಚುನಾವಣೆಗೆ ನಿಂತಾಗ ಇವನು ಎದುರು ಪ್ಯಾನೆಲಿನ ಪ್ರಚಾರದ ಜೀಪು ಹತ್ತಿದ. ಮನ್ಮಥಪ್ಪ ಸೋತ. “ಅಂದಿನಿಂದ ತಂಗಿ ನಮ್ಮ ಓಣ್ಯಾಗಿಂದ ಹೋಗ್ತಾಳ, ಬಾಗಲಕಡಿ ನೋಡಂಗಿಲ್ಲ. ಗಂಡ ನೋಡಬ್ಯಾಡ ಅಂದಾನ. ಆದ್ರ ನಮ್ಮ ಮನಿ ಹತ್ರ ಬಂದಾಗ ಆಕಿ ಕೈಬಳಿ ಸಪ್ಪಳ ಜಾಸ್ತಿ ಆಗ್ತದ್ರಿ.”

ಫೌಜದಾರರು ಜೀಪಿನ ಬಳಿ ನಿಂತು ಧೀರಜನಿಗೆ ಫೋನು ಮಾಡಿಸಿದರು. ಈಚೆಗೆ ಆಲ್ಬಂ ನೋಡಲು ಯಾರು ಬಂದಿದ್ದರು?

“ಗಿರಿಜಾಕಾಕು ಬಂದಿದ್ರು, ಹೋದ ವಾರ,” ಎಂದಿತು ಫೋನು. “ಬಾಳೊತ್ತು ಕೂತ್ರು. ‘ಗುಂಡಿ ಒತ್ತಿದ್ರ ಅಣ್ಣ ಎಲ್ಲಿಗಿ ಹೋಗ್ತಾನೋ’ ಅಂತ ಕೇಳಿದ್ರು. ‘ಎಲ್ಲಿಗೂ ಹೋಗಿಲ್ಲ ಕಾಕು, ಈ ಡಬ್ಬ್ಯಾಗ ಇನ್ನಾ ಹಂಗೇ ಇದ್ದಾರ, ಸೋಮವಾರ ಅಳಸಿದ ಮ್ಯಾಲ ಇರಂಗಿಲ್ಲ’ ಅಂದೆ.”

ಫೋನಿನ ಆಚೆ ಧೀರಜನಿಗೂ ಆಗಲೇ ಹೊಳೆದಿರಬೇಕು. ಅವನು ಫೋನು ಇಟ್ಟುಬಿಟ್ಟ.

ಮನ್ಮಥಪ್ಪ ಪಡಸಾಲೆಯಲ್ಲಿ ಕೂತು ಆಳುಗಳ ಮೇಲೆ ಕೂಗಾಡುತ್ತಿದ್ದ. ಪೊಲೀಸರನ್ನು ಕಂಡು, “ಸಿಕ್ಕನೇನ್ರಿ ಕಳ್ಳ? ಅಂವಾ ಕಾಶ್ಯಾನೇ ಇರಬೇಕು,” ಎಂದ. ಗಿರಿಜಾಬಾಯಿ ಚಹ ತಂದಳು. ಬಿಳಿ ಮೋರೆ, ಹಣೆಯ ಮೇಲೆ ವಿಭೂತಿ. ಎಲ್ಲರಿಗೂ ಕೊಟ್ಟು, ಸಾರಿಕಾಳ ಮುಂದೆ ಬಂದಾಗ ಅವಳ ಕಣ್ಣು ತನ್ನ ಪಾದದ ಮೇಲಿರುವುದನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಕಬ್ಬಿನ ಕರಿ ಇನ್ನೂ ಇತ್ತು.

“ಕಾಕು, ಒಂದ್ ಮಾತು ಕೇಳಬೇಕಿತ್ರಿ,” ಎಂದಳು ಸಾರಿಕಾ.

“ಕೇಳೂದೇನದವ್ವಾ. ಚಹಾ ಆರ್ತದ, ಮೊದ್ಲು ಕುಡಿ.”

ಅವಳು ಒಳಗೆ ಹೋಗಿ ಟ್ರಂಕು ತೆಗೆದು ಒಂದು ಗಂಟು ತಂದು ಫೌಜದಾರರ ಮುಂದಿಟ್ಟಳು. ಗುಲಾಬಿ ಬಣ್ಣದ ಹೊಸ ಪಟಕಾ. ಬಿಚ್ಚಿದರೆ ನಡುವೆ ಕಪ್ಪು ಡಿಸ್ಕು.

ಮನ್ಮಥಪ್ಪ ಎದ್ದು ನಿಂತ. “ಏ ಗಿರಿಜಾ... ನೀ ಮಾಡಿದ್ದೇನು?”

“ಹೂಂ. ಸಂತಿಗಿ ಹೋಗ್ತೀನಿ ಅಂತ ಸುಳ್ಳ ಹೇಳಿ ಹೋಗಿದ್ದೆ.”

ಬಕ್ಕಪ್ಪ ಹೇಳಿಕೆ ಬರೆದುಕೊಂಡ. ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. “ನಮ್ಮಪ್ಪ ಅವ್ವ ಇಲ್ರಿ. ತವರು ಅಂದ್ರ ನನಗ ಅಂವಾ ಒಬ್ಬನೇ. ಇವರಿಗಿ ಸಿಟ್ಟು ಬಂದ್ರ ಬೈಲಿ, ಮನಿಗಿ ಬರಬ್ಯಾಡ ಅನ್ಲಿ, ನಾಳೆ ಇಳೀತದ. ಆದ್ರ ಅಳಸಿದ್ದು ತಿರುಗಿ ಬರಂಗಿಲ್ಲಂತ, ಆ ಹುಡುಗ ಅಂದ. ಮೀನಲ್ ಮುಂದ ತನ್ನ ಮಕ್ಕಳಿಗಿ ಏನ್ ಹೇಳಬೇಕ್ರಿ, ಈ ಕೈ ಯಾರ್ದಂತ? ಅಣ್ಣ ಡಬ್ಬ್ಯಾಗ ಅದಾನ ಅಂದ್ರು, ಡಬ್ಬಿ ತಂದೆ.”

“ಪಟಕಾದಾಗ ಯಾಕ ಸುತ್ತಿದ್ರಿ?”

“ಅದೂ ಅಣ್ಣಂದೇ ಅಲ್ಲೇನ್ರಿ.”

ಜಪ್ತಿ ಪಂಚನಾಮೆಯಾಯಿತು. ಮಧ್ಯಾಹ್ನ ಎರಡಕ್ಕೆ ಸಾರಿಕಾಳ ಸಮಕ್ಷಮ ಗಿರಿಜಾಬಾಯಿಯನ್ನು ಬಂಧಿಸಿದ್ದಾಗಿ ದಾಖಲಾಯಿತು. ಜೀಪು ಹತ್ತುವ ಮೊದಲು ಅವಳು ಗಂಡನಿಗೆ, “ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯ ಬಿಸಿ ಮಾಡ್ಕೋರಿ,” ಎಂದಳು. ಮನ್ಮಥಪ್ಪ ರೊಟ್ಟಿ ತಿನ್ನಲಿಲ್ಲ. ಮೋಟರ್ ಸೈಕಲ್ಲಿನ ಮೇಲೆ ಜೀಪಿನ ಹಿಂದೆಯೇ ಬಂದ.

ಅವರಿಗಿಂತ ಮೊದಲೇ ಕಾಶೆಪ್ಪ ಠಾಣೆಯಲ್ಲಿದ್ದ. ಊರಲ್ಲಿ ಯಾರೋ ಹೇಳಿದ್ದರು. ಮೈಮೇಲಿನ ತೊಗರಿ ಹೊಟ್ಟು ಕೂಡ ಕೊಡವಿರಲಿಲ್ಲ.

ಜಾಮೀನಿನ ಮೇಲೆ ಬಿಡಬಹುದೆಂದು ಫೌಜದಾರರು ಹೇಳಿದರು, ಇಬ್ಬರು ಬೇಕು. ಡಿಸ್ಕು ಗುರುತಿಸಲು ಬಂದಿದ್ದ ಧೀರಜ, “ಸಾಹೇಬ, ನಾ ಫಿರ್ಯಾದಿ ಹಿಂದ ತೊಗೋತೀನಿ,” ಎಂದು ಗೋಗರೆದ. ಅದನ್ನು ಉಮರ್ಗಾದ ಕೋರ್ಟಿನಲ್ಲಿ ಹೇಳಬೇಕು ಎಂದು ಬಕ್ಕಪ್ಪ ಅವನನ್ನು ಕೂರಿಸಿದ.

“ಮೊದಲ ಜಾಮೀನುದಾರ. ಆರೋಪಿಗಿ ಏನಾಗಬೇಕು?”

“ಅಣ್ಣ,” ಎಂದ ಕಾಶೆಪ್ಪ.

“ಎರಡನೇದವರು?”

ಮನ್ಮಥಪ್ಪ ಬಾಗಿಲಲ್ಲೇ ನಿಂತಿದ್ದ. “ಗಂಡ,” ಎಂದು ಒಳಗೆ ಬಂದ.

ಗಿರಿಜಾಬಾಯಿ ಸ್ಟೂಲಿನ ಮೇಲೆ ಕೂತು ಸಹಿ ಮಾಡುತ್ತಿದ್ದಳು. ಅಕ್ಷರ ಕೂಡಿಸಿ ಬರೆಯುತ್ತ ಅರ್ಧ ಹೆಸರಿಗೇ ನಿಂತಳು. ಹಿಂದೆ ನಿಂತಿದ್ದ ಕಾಶೆಪ್ಪನ ಬಲಗೈ ಅವಳ ಭುಜದ ಮೇಲೆ ಬಂದು ಕೂತಿತು. ಮನ್ಮಥಪ್ಪ ಆ ಕೈಯನ್ನೇ ನೋಡಿದ. ಆಮೇಲೆ ಮೇಜಿನ ಹತ್ತಿರ ಬಂದು, “ಹವಾಲ್ದಾರರೇ, ಆ ಪಟಕಾ ಇಲ್ಲಿ ಕೊಡ್ರಿ. ಒಂದ್ ಕೆಲಸ ಬಾಕಿ ಅದ,” ಎಂದ.

ಬಕ್ಕಪ್ಪ ಫೌಜದಾರರ ಮುಖ ನೋಡಿದ. ಅವರು ಇಲ್ಲವೆಂದು ತಲೆಯಾಡಿಸಿದರು. ಅವರಿಗೂ ಅದು ಸಂಕಟವೇ.

“ಅದು ಮುದ್ದೇಮಾಲು ಆಗ್ಯಾದ್ರಿ. ಜಪ್ತಿ ಮಾಡಿದ್ದು ಕೋರ್ಟ್ ಅಂದ್ರೇ ಬಿಡೂದು. ಬಜಾರದಾಗ ಬ್ಯಾರೇವು ಸಿಗ್ತಾವಲ್ಲ.”

“ಇದು ಇವನ ಹೆಸರಿಲೆ ಉದಗೀರದಿಂದ ತಂದಿದ್ದು. ಬ್ಯಾರೇದು ಸುತ್ತಿದ್ರ ತೀರಿದಂಗಲ್ಲ.”

ಸಿಟ್ಟಾದ ದಿನದಿಂದ ಕಾಶೆಪ್ಪ ತಂಗಿಯ ಗಂಡನ ಜೊತೆ ಮಾತಾಡಿರಲಿಲ್ಲ. ಈಗ ನೆಲ ನೋಡುತ್ತ, “ಇರ್ಲಿ ಬಿಡ್ರಿ ದಾಜಿ. ತಲಿ ಎಲ್ಲಿಗೂ ಹೋಗಂಗಿಲ್ಲ,” ಎಂದ.

“ನಿನ್ನ ತಲೀದೇ ಚಿಂತಿ ನನಗ,” ಎಂದು ಮನ್ಮಥಪ್ಪ ಗೊಣಗಿದ. ಗಿರಿಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಸಾರಿಕಾಳಿಗೂ ತಿಳಿಯಲಿಲ್ಲ.

ಮೂವರೂ ಹೋದ ಮೇಲೆ ಬಕ್ಕಪ್ಪ ಚೀಟಿ ಬರೆದ. ಒಂದು, ಹಾರ್ಡ್ ಡಿಸ್ಕ್, ಬಣ್ಣ ಕಪ್ಪು. ಎರಡು, ಪಟಕಾ, ಬಣ್ಣ ಗುಲಾಬಿ, ಒಮ್ಮೆಯೂ ತಲೆಗೆ ಸುತ್ತದ್ದು. ಅರಗು ಒತ್ತಿ, ಮುದ್ದೇಮಾಲಿನ ಕಪಾಟು ತೆಗೆದ. ಡಿಸ್ಕನ್ನು ಹಿಂದಕ್ಕೆ ಸರಿಸಿ, ಬೇಗ ಕೈಗೆ ಸಿಗಲೆಂದು ಪಟಕಾವನ್ನು ಎಲ್ಲಕ್ಕಿಂತ ಮುಂದೆ ಇಟ್ಟ.